ಬರಿಗೈಯ ಪಾಠ

ಕರಾಟೆ ಎಂದೊಡನೆ ನಮ್ಮ ಊರುಗಳಲ್ಲಿ ಎಲ್ಲರ ಕಣ್ಣಿಗೆ ಕಟ್ಟುವುದು ಹೆಂಚು ಒಡೆಯುವ ಹುಡುಗರು. ಆಗಸ್ಟ್ ಹದಿನೈದರಂದು ತಹಶೀಲ್ದಾರರ ಭಾಷಣ ಮುಗಿದ ಮೇಲೆ ಬಿಳಿಯ ಬಟ್ಟೆ ತೊಟ್ಟು ಮೈದಾನಕ್ಕೆ ಇಳಿಯುತ್ತಾರೆ. ಒಬ್ಬ ಹಣೆಯಿಂದ ಹೆಂಚು ಒಡೆದರೆ ಇನ್ನೊಬ್ಬ ಹೊಟ್ಟೆಯ ಮೇಲೆ ಬೈಕು ಹತ್ತಿಸಿಕೊಳ್ಳುತ್ತಾನೆ. ಚಪ್ಪಾಳೆ ಬೀಳುತ್ತದೆ. ಪೆಂಡಾಲಿನ ಕೆಳಗೆ ಕುಳಿತ ತಾಯಂದಿರು "ಅಯ್ಯೋ, ಯಾರ ಮಗುವೋ ಏನೋ" ಎಂದು ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಾರೆ. ಇದು ಗಂಡುಹುಡುಗರ, ಅದೂ ಹದಿನೆಂಟು ಇಪ್ಪತ್ತು ದಾಟದವರ ಆಟವೆಂದು ನಾವೆಲ್ಲ ತೀರ್ಮಾನಿಸಿ ಬಹಳ ಕಾಲವಾಯಿತು.

ಅದರ ಚರಿತ್ರೆಯನ್ನು ಓದತೊಡಗಿದಾಗ ನನಗೆ ಸಿಕ್ಕಿದ ಚಿತ್ರವೇ ಬೇರೆ. ನಮ್ಮ ಶಾಲೆಯ ಪಿ.ಟಿ. ಮೇಷ್ಟ್ರು ಕೊಟ್ಟ ಒಂದು ಇಂಗ್ಲಿಷ್ ಪುಸ್ತಕದಿಂದ ಶುರುವಾದ ಓದು ಅದು. ಫುನಾಕೋಶಿ ಗಿಚಿನ್ ಎಂಬುವರ ಆತ್ಮಕಥೆ. ಜಪಾನಿಯಿಂದ ಇಂಗ್ಲಿಷಿಗೆ ಬಂದದ್ದು 1975ರಲ್ಲಿ. ಆ ಚಿತ್ರದಲ್ಲಿ ಹೆಂಚೂ ಇಲ್ಲ, ಬೈಕೂ ಇಲ್ಲ. ಎಪ್ಪತ್ತು ವಯಸ್ಸಿನ ಒಬ್ಬ ನಿವೃತ್ತ ಗುಮಾಸ್ತರಿದ್ದಾರೆ, ಸಂಬಳ ಸಾಲದ ಒಬ್ಬ ಪ್ರಾಥಮಿಕ ಶಾಲೆಯ ಮೇಷ್ಟ್ರಿದ್ದಾರೆ, ರಾತ್ರಿಯೆಲ್ಲ ಮಗ್ಗದ ಮುಂದೆ ಕೂರುವ ಅವರ ಹೆಂಡತಿಯಿದ್ದಾರೆ. ಪಾಠಶಾಲೆಯ ವೇಳಾಪಟ್ಟಿಯಲ್ಲಿ ಸೇರಿದ್ದರಿಂದಲೇ ಕರಾಟೆ ಇಂದು ಮೂರನೆಯ ತರಗತಿಯ ಮಗುವಿಗೂ ಎಪ್ಪತ್ತರ ಅಜ್ಜಿಗೂ ದಕ್ಕುವ ವಿದ್ಯೆಯಾಗಿದೆ. ಹಾಗೆ ಸೇರುವಾಗ ಅದು ಏನನ್ನು ಕೊಟ್ಟು ಏನನ್ನು ಪಡೆಯಿತು ಎಂಬುದನ್ನು ನಾನು, ಶಾಲೆಯಲ್ಲೇ ತಲೆ ನರೆಸಿಕೊಂಡವಳು, ಸುಮ್ಮನೆ ಓದಿ ಬದಿಗಿಡಲು ಆಗಲಿಲ್ಲ.

ಕರಾಟೆಯ ತವರು ಇಂದಿನ ಜಪಾನಿನ ದಕ್ಷಿಣ ತುದಿಯಲ್ಲಿರುವ ಓಕಿನಾವಾ ದ್ವೀಪ. ದ್ವೀಪ ಎಂದರೆ ಎಷ್ಟು ದೊಡ್ಡದು? ನಮ್ಮ ಕೊಡಗು ಜಿಲ್ಲೆಯ ಮೂರನೆಯ ಒಂದು ಭಾಗವೂ ಇಲ್ಲ. ಆದರೂ ಅದು ಒಂದು ಕಾಲದಲ್ಲಿ ಸ್ವತಂತ್ರ ರಾಜ್ಯ. ರ‍್ಯೂಕ್ಯೂ ರಾಜ್ಯವೆಂದು ಹೆಸರು, ಶೂರಿ ರಾಜಧಾನಿ, ಚೀನಾದೊಡನೆ ಹಡಗಿನ ವ್ಯಾಪಾರ. 1609ರಲ್ಲಿ ಜಪಾನಿನ ಸತ್ಸುಮಾ ಸಂಸ್ಥಾನದವರು ದಂಡೆತ್ತಿ ಬಂದು ಅದನ್ನು ಕೈವಶ ಮಾಡಿಕೊಂಡರು. 1879ರಲ್ಲಿ ಟೋಕಿಯೋ ಸರ್ಕಾರ ರಾಜನನ್ನೇ ಇಳಿಸಿ ಓಕಿನಾವಾವನ್ನು ತನ್ನ ಒಂದು ಜಿಲ್ಲೆಯಾಗಿ ಮಾಡಿತು. ಅರಮನೆಯನ್ನು ನಂಬಿಕೊಂಡಿದ್ದ ಮನೆತನಗಳು ಒಂದೇ ಏಟಿಗೆ ಬೀದಿಗೆ ಬಿದ್ದವು. ನಮ್ಮಲ್ಲಿ ಸಂಸ್ಥಾನಗಳು ಹೋದಾಗ ಅರಮನೆಯ ಊಳಿಗದವರ ಪಾಡು ಏನಾಯಿತೆಂದು ಕೇಳಿ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ವಿದ್ಯೆಯ ಬಗ್ಗೆ ಎರಡು ಕಥೆಗಳು ಬಹಳ ಚಾಲ್ತಿಯಲ್ಲಿವೆ. ಆಯುಧ ಕಿತ್ತುಕೊಂಡ ದೊರೆಗಳ ವಿರುದ್ಧ ಬಡ ರೈತರು ಬರಿಗೈಯಲ್ಲಿ ಹೋರಾಡಲು ಹುಟ್ಟಿಸಿದ ವಿದ್ಯೆ ಎಂಬುದು ಒಂದು. ಕೇಳಲು ಚೆನ್ನಾಗಿದೆ, ಆದರೆ ನಮಗೆ ಹೆಸರು ತಿಳಿದಿರುವ ಹಳೆಯ ಗುರುಗಳಲ್ಲಿ ಬಹುಪಾಲು ಜನ ಶೂರಿ, ನಾಹಾ ಪಟ್ಟಣಗಳ ಕುಲೀನ ಮನೆತನದವರು, ಅರಮನೆಯ ಅಧಿಕಾರಿಗಳು, ಕಾವಲಿನವರು. ಸ್ಥಳೀಯ ಕೈಚಳಕಕ್ಕೆ ಚೀನಾದಿಂದ ಬಂದ ವರಸೆಗಳು ಸೇರಿ ಬೆಳೆದದ್ದು ಅದು. ಹಳೆಯ ಹೆಸರು ‘ತೋದೆ’, ಎಂದರೆ ಚೀನೀ ಕೈ. ಇನ್ನೊಂದು ಕಥೆ ನಮ್ಮವರಿಗೆ ಬಹಳ ಪ್ರಿಯ. ದಕ್ಷಿಣ ಭಾರತದಿಂದ ಹೋದ ಬೋಧಿಧರ್ಮ ಚೀನಾದ ಶಾವೋಲಿನ್ ಮಠದಲ್ಲಿ ಇದನ್ನು ಕಲಿಸಿದ, ಆದ್ದರಿಂದ ಕರಾಟೆ ಮೂಲತಃ ನಮ್ಮದು ಎಂಬುದು. ಶಾಲಾ ವಾರ್ಷಿಕೋತ್ಸವದ ವೇದಿಕೆಗಳಲ್ಲಿ ಇದನ್ನು ಎಷ್ಟು ಸಲ ಕೇಳಿದ್ದೇನೋ. ಫುನಾಕೋಶಿಯವರೂ ಇದನ್ನು ಒಂದು ಐತಿಹ್ಯವಾಗಿ ಹೇಳುತ್ತಾರೆ. ಇತಿಹಾಸಕಾರರು ಒಪ್ಪುವುದಿಲ್ಲ. ಎಲ್ಲದಕ್ಕೂ ತಾವೇ ಮೂಲವೆಂದು ಹೇಳಿಕೊಳ್ಳುವ ಚಪಲ ನಮಗೆ ಬೇಡ. ಕಲಿತವರು, ಉಳಿಸಿದವರು ಅವರು. ಹೆಸರೂ ಅವರದೇ ಇರಲಿ.

ಈಗ ಆ ಗುಮಾಸ್ತರ ವಿಷಯಕ್ಕೆ ಬರುತ್ತೇನೆ. ಇತೋಸು ಆಂಕೋ ಎಂದು ಅವರ ಹೆಸರು. 1830ರ ದಶಕದ ಆರಂಭದಲ್ಲಿ ಶೂರಿಯಲ್ಲಿ ಹುಟ್ಟಿದವರು; ರ‍್ಯೂಕ್ಯೂ ರಾಜನ ಆಸ್ಥಾನದಲ್ಲಿ ಬರವಣಿಗೆಯ ಕೆಲಸ. ರಾಜ್ಯ ಹೋದಾಗ ಅವರಿಗೆ ಐವತ್ತರ ಹತ್ತಿರ. ಆ ಕಾಲದಲ್ಲಿ ಈ ವಿದ್ಯೆಯನ್ನು ಯಾರೂ ಬಹಿರಂಗವಾಗಿ ಕಲಿಸುತ್ತಿರಲಿಲ್ಲ. ಒಬ್ಬ ಗುರುವಿಗೆ ಒಬ್ಬಿಬ್ಬರು ಶಿಷ್ಯರು, ರಾತ್ರಿಯ ಹೊತ್ತು, ಹಿತ್ತಿಲಲ್ಲಿ. ಮನೆಯ ಮಗನಿಗೂ ಕೆಲವೊಮ್ಮೆ ಪೂರ್ತಿ ಹೇಳಿಕೊಡುತ್ತಿರಲಿಲ್ಲವಂತೆ. ಅಂಥ ವಿದ್ಯೆಯನ್ನು ಈ ಮುದುಕರು 1901ರಲ್ಲಿ ಶೂರಿಯ ಒಂದು ಪ್ರಾಥಮಿಕ ಶಾಲೆಯ ಅಂಗಳಕ್ಕೆ ತಂದರು. 1905ರಿಂದ ಅಲ್ಲಿನ ಮೊದಲ ಮಾಧ್ಯಮಿಕ ಶಾಲೆಯಲ್ಲಿ ಅರೆಕಾಲಿಕ ಶಿಕ್ಷಕರಾದರು. ಎಪ್ಪತ್ತು ದಾಟಿದ ಮೇಲೆ ಶಾಲೆಯ ಕೆಲಸಕ್ಕೆ ಸೇರಿದರು ಎಂಬುದನ್ನು ಗಮನಿಸಬೇಕು. ನಮ್ಮಲ್ಲಿ ಅರವತ್ತಕ್ಕೆ ಶಾಲು ಹೊದಿಸಿ ಕಳಿಸುತ್ತಾರೆ.

ಮಕ್ಕಳ ಮುಂದೆ ನಿಂತಾಗ ಅವರಿಗೆ ಎದುರಾದ ಕಷ್ಟ ಯಾವ ಶಿಕ್ಷಕಿಗೂ ಅರ್ಥವಾಗುತ್ತದೆ. ಹಿತ್ತಿಲಲ್ಲಿ ಒಬ್ಬ ಶಿಷ್ಯನಿಗೆ ಕಲಿಸುವುದು ಬೇರೆ, ಅಂಗಳದಲ್ಲಿ ಸಾಲುಸಾಲಾಗಿ ನಿಂತ ಮಕ್ಕಳಿಗೆ ಕಲಿಸುವುದು ಬೇರೆ. ಈ ವಿದ್ಯೆಯ ತಿರುಳು ‘ಕಟಾ’. ಎದುರಾಳಿ ಇದ್ದಾನೆಂದು ಭಾವಿಸಿ ತಡೆ, ಗುದ್ದು, ತಿರುಗು, ಒದೆ ಇವನ್ನು ಒಂದು ಕ್ರಮದಲ್ಲಿ ಹೆಣೆದು ಒಬ್ಬರೇ ಮಾಡುವ ಅಭ್ಯಾಸ. ಭರತನಾಟ್ಯ ಕಲಿತವರು ಅಡವುಗಳನ್ನು ಕೋದು ಜತಿ ಮಾಡುವುದನ್ನು ನೆನೆದುಕೊಂಡರೆ ಸರಿ. ಹಳೆಯ ಕಟಾಗಳು ಉದ್ದ, ತೊಡಕು. ಅದಕ್ಕೆ ಇತೋಸು ಅವರು ಚಿಕ್ಕ ಚಿಕ್ಕದಾಗಿ ಐದು ಕಟಾಗಳನ್ನು ರೂಪಿಸಿದರು, ಒಂದರಿಂದ ಐದಕ್ಕೆ ಏರುವ ಹಾಗೆ, ನಮ್ಮ ಪಠ್ಯಪುಸ್ತಕಗಳ ಭಾಗಗಳಂತೆ. ಮಕ್ಕಳಿಗೆ ಅಪಾಯವಾಗಬಾರದೆಂದು ಬಿಚ್ಚಿದ ಬೆರಳಿನ ಏಟುಗಳನ್ನು ಮುಷ್ಟಿಗೆ ಬದಲಾಯಿಸಿದರು ಎಂದೂ ಹೇಳುತ್ತಾರೆ. ಆ ಐದಕ್ಕೂ ಇಟ್ಟ ಹೆಸರು ‘ಪಿನಾನ್’, ಎಂದರೆ ಶಾಂತಿ, ನೆಮ್ಮದಿ. ಹೊಡೆದಾಟದ ಮೊದಲ ಪಾಠಕ್ಕೆ ನೆಮ್ಮದಿ ಎಂದು ಹೆಸರಿಟ್ಟ ಮನುಷ್ಯನ ಮೇಲೆ ನನಗೆ ಒಂದು ಬಗೆಯ ಅಕ್ಕರೆ.

1908ರ ಅಕ್ಟೋಬರಿನಲ್ಲಿ ಅವರು ಸರ್ಕಾರಕ್ಕೆ ಒಂದು ಪತ್ರ ಬರೆದರು. ಹತ್ತು ಅಂಶಗಳ ಪತ್ರ. ಕರಾಟೆಯನ್ನು ದ್ವೀಪದ ಎಲ್ಲ ಶಾಲೆಗಳಲ್ಲೂ ಪಾಠವಾಗಿ ಇಡಬೇಕು ಎಂಬುದು ಬೇಡಿಕೆ. ಆರಂಭದಲ್ಲೇ ಈ ವಿದ್ಯೆ ಬೌದ್ಧ ಧರ್ಮದಿಂದಾಗಲಿ ಕನ್‌ಫ್ಯೂಷಿಯಸನ ಮತದಿಂದಾಗಲಿ ಬಂದದ್ದಲ್ಲ ಎಂದು ಸ್ಪಷ್ಟವಾಗಿ ಹೇಳುತ್ತಾರೆ. ಬೋಧಿಧರ್ಮನ ಕಥೆ ಹೇಳುವವರು ಇದನ್ನೊಂದು ಓದಿದ್ದರೆ ಚೆನ್ನಾಗಿತ್ತು. ಇದು ಒಬ್ಬನ ಮೇಲೆ ಕೈಮಾಡುವುದಕ್ಕೆ ಇರುವುದಲ್ಲ, ಕಳ್ಳನೋ ಪುಂಡನೋ ಎದುರಾದರೂ ಸಾಧ್ಯವಾದಷ್ಟು ತಪ್ಪಿಸಿಕೊಳ್ಳಬೇಕು ಎನ್ನುತ್ತಾರೆ. ಅವಸರ ಮಾಡಬಾರದು, ದಿನಕ್ಕೆ ಒಂದೆರಡು ಗಂಟೆಯಂತೆ ವರ್ಷಗಟ್ಟಲೆ ಮಾಡಿದರೆ ಮಾತ್ರ ಮೈಗೆ ಹತ್ತುತ್ತದೆ ಎನ್ನುತ್ತಾರೆ. ಕೊನೆಯ ಅಂಶದಲ್ಲಿ, ಇದನ್ನು ಅಭ್ಯಾಸ ಮಾಡಿದವರಲ್ಲಿ ಹಲವರು ಬಹುಕಾಲ ಬದುಕಿದ್ದಾರೆ, ಮೂಳೆ ಮಾಂಸಖಂಡ ಗಟ್ಟಿಯಾಗುತ್ತವೆ, ಜೀರ್ಣಶಕ್ತಿ ಹೆಚ್ಚುತ್ತದೆ, ರಕ್ತ ಸಂಚಾರ ಚೆನ್ನಾಗಿರುತ್ತದೆ ಎಂಬ ಮಾತಿದೆ. ಎಲ್ಲ ವಯಸ್ಸಿನವರಿಗೂ ಕರಾಟೆ ಎಂದು ಇಂದು ಫಲಕ ಹಾಕಿಕೊಳ್ಳುವವರ ಮಾತಿನ ಬೇರು ಇಲ್ಲಿದೆ.

ಆದರೆ ಅದೇ ಪತ್ರದಲ್ಲಿ ಇನ್ನೊಂದು ಅಂಶವೂ ಇದೆ. ಪ್ರಾಥಮಿಕ ಶಾಲೆಯಿಂದಲೇ ಮಕ್ಕಳಿಗೆ ಇದನ್ನು ಕಲಿಸಿದರೆ ಮುಂದೆ ಸೈನ್ಯಕ್ಕೆ ಒಳ್ಳೆಯ ಜನ ಸಿಗುತ್ತಾರೆ ಎಂದು ಬರೆದು, ನೆಪೋಲಿಯನ್ನನನ್ನು ಸೋಲಿಸಿದ ವೆಲಿಂಗ್‌ಟನ್ ತನ್ನ ಗೆಲುವಿಗೆ ಶಾಲೆಯ ಆಟದ ಮೈದಾನ ಕಾರಣವೆಂದನಂತೆ ಎಂಬ ಮಾತನ್ನು ಎತ್ತುತ್ತಾರೆ. ಆಗ ಜಪಾನು ರಷ್ಯಾದ ಮೇಲೆ ಯುದ್ಧ ಗೆದ್ದು ಮೂರು ವರ್ಷವಾಗಿತ್ತು. ಓಕಿನಾವಾದವರನ್ನು ಒಳನಾಡಿನ ಜಪಾನೀಯರು ತಮಗಿಂತ ಕೀಳೆಂದು ಕಾಣುತ್ತಿದ್ದ ಕಾಲ. ಅಂಥ ಸರ್ಕಾರದಿಂದ ಒಂದು ಕೆಲಸ ಆಗಬೇಕಾದರೆ ಸರ್ಕಾರಕ್ಕೆ ಕೇಳಿಸುವ ಭಾಷೆಯಲ್ಲೇ ಕೇಳಬೇಕು. ಒಂದು ಅನುದಾನಕ್ಕೋ ಒಂದು ಕೊಠಡಿಗೋ ಅರ್ಜಿ ಬರೆದ ಶಿಕ್ಷಕರೆಲ್ಲರೂ ಇದನ್ನು ಬಲ್ಲರು. ಇತೋಸು ಅವರ ಮನಸ್ಸಿನಲ್ಲಿ ಜೀರ್ಣಶಕ್ತಿ ಮುಂದಿತ್ತೋ ಸೈನ್ಯ ಮುಂದಿತ್ತೋ ನಾವು ಈಗ ಅಳೆಯಲಾರೆವು. ಪತ್ರದಲ್ಲಿ ಎರಡೂ ಇವೆ. ಆ ಎರಡನೆಯ ಮಾತಿಗೆ ಮತ್ತೆ ಬರುತ್ತೇನೆ.

ಇತೋಸು ಅವರ ಶಿಷ್ಯರಲ್ಲಿ ಒಬ್ಬರು ಫುನಾಕೋಶಿ, ನಾನು ಮೊದಲು ಹೇಳಿದ ಮೇಷ್ಟ್ರು. 1868ರಲ್ಲಿ ದಿನ ತುಂಬದೆ ಹುಟ್ಟಿದ ಕೂಸು; ಉಳಿಯುವುದಿಲ್ಲ ಎಂದುಕೊಂಡಿದ್ದರಂತೆ ಮನೆಯವರು. ವೈದ್ಯಕೀಯ ಓದಬೇಕೆಂದು ಆಸೆಪಟ್ಟು ಪ್ರವೇಶ ಪರೀಕ್ಷೆಯಲ್ಲೂ ತೇರ್ಗಡೆಯಾದರು. ಆದರೆ ಜುಟ್ಟು ಬಿಟ್ಟವರಿಗೆ ಅಲ್ಲಿ ಸೀಟಿಲ್ಲ. ಓಕಿನಾವಾದ ಕುಲೀನರಿಗೆ ಜುಟ್ಟು ಎಂದರೆ ಹೋದ ರಾಜ್ಯದ ಕೊನೆಯ ಗುರುತು. ಮನೆಯವರು ಕತ್ತರಿಸಲು ಬಿಡಲಿಲ್ಲ. ವೈದ್ಯರಾಗುವುದು ತಪ್ಪಿತು. 1888ರಲ್ಲಿ ಸಹಾಯಕ ಶಿಕ್ಷಕರಾಗಿ ನೇಮಕವಾದಾಗಲೂ ಅದೇ ನಿಯಮ. ಈ ಸಲ ಕತ್ತರಿಸಿಕೊಂಡರು. ಮಗನ ತಲೆ ನೋಡಿದ ತಂದೆಯ ಸಿಟ್ಟು ಆತ್ಮಕಥೆಯಲ್ಲಿದೆ. ಜುಟ್ಟು ಕಳೆದುಕೊಂಡು ಸಿಕ್ಕ ಸಂಬಳ ತಿಂಗಳಿಗೆ ಮೂರು ಯೆನ್. ಮನೆಯಲ್ಲಿ ಉಣ್ಣುವ ಬಾಯಿ ಹತ್ತು.

ಹಗಲು ಪಾಠ ಹೇಳಿ ರಾತ್ರಿ ಮಂಕು ಲಾಟೀನು ಹಿಡಿದು ಅಜಾತೋ ಆಂಕೋ ಎಂಬ ಇನ್ನೊಬ್ಬ ಗುರುಗಳ ಮನೆಗೆ ನಡೆದುಹೋಗುತ್ತಿದ್ದರು. ಗುರುಗಳು ಜಗುಲಿಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂರುವರು, ಶಿಷ್ಯ ಅಂಗಳದಲ್ಲಿ ಒಂದೇ ಕಟಾವನ್ನು ಮತ್ತೆ ಮತ್ತೆ ಮಾಡುವುದು. "ಇನ್ನೊಂದು ಸಲ" ಎಂಬುದಕ್ಕಿಂತ ಹೆಚ್ಚಿಗೆ ಮಾತಿಲ್ಲ. ವಾರಗಳು, ತಿಂಗಳುಗಳು ಅದೊಂದೇ. ನೈಹಾಂಚಿ ಎಂಬ ಮೂರು ಸಣ್ಣ ಕಟಾಗಳಿಗೇ ಹತ್ತು ವರ್ಷ ಹಿಡಿಯಿತು ಎಂದು ಬರೆಯುತ್ತಾರೆ. ಬೆಳಗಿನ ಜಾವ ಸುಸ್ತಾಗಿ ಮನೆಗೆ ಬರುವ ಮೇಷ್ಟ್ರನ್ನು ನೋಡಿ ನೆರೆಹೊರೆಯವರು ಸೂಳೆಗೇರಿಗೆ ಹೋಗಿ ಬರುತ್ತಾನೆ ಎಂದು ಗುಸುಗುಸು ಮಾಡಿದರಂತೆ.

ನಿಜ ಗೊತ್ತಿದ್ದದ್ದು ಹೆಂಡತಿಗೆ. ಆಕೆ ಮೂರು ಯೆನ್ನಿನ ಸಂಸಾರ ತೂಗಿಸಲು ದೂರದ ತುಂಡು ಹೊಲದಲ್ಲಿ ತರಕಾರಿ ಬೆಳೆಯುತ್ತಿದ್ದರು, ರಾತ್ರಿ ಬಟ್ಟೆ ನೇಯುತ್ತಿದ್ದರು. ಗಂಡನ ಕರಾಟೆಯ ಹುಚ್ಚನ್ನು ತಡೆಯುವ ಬದಲು ಹುರಿದುಂಬಿಸಿದರು. ನನಗೆ ಬಹಳ ಹಿಡಿಸಿದ್ದು ಇದಕ್ಕಿಂತ ಸಣ್ಣ ಸಂಗತಿ. ನೇಯ್ದು ನೇಯ್ದು ಮೈ ನೊಂದಾಗ ಆಕೆ ಮಲಗುತ್ತಿರಲಿಲ್ಲ, ಮೈ ಹಿಸುಕಿಸಿಕೊಳ್ಳುತ್ತಲೂ ಇರಲಿಲ್ಲ. ಅಂಗಳಕ್ಕೆ ಇಳಿದು ಕಟಾ ಮಾಡುತ್ತಿದ್ದರು. ಗಂಡ ಮಾಡುವುದನ್ನು ನೋಡಿ ನೋಡಿ ಕಲಿತದ್ದು. ಕ್ರಮೇಣ ಬಲ್ಲವರಷ್ಟೇ ಚೆನ್ನಾಗಿ ಮಾಡುತ್ತಿದ್ದರೆಂದು ಗಂಡನೇ ಬರೆದಿದ್ದಾರೆ. ಕೇರಿಯಲ್ಲಿ ಜಗಳ ಹತ್ತಿದರೆ ಮಧ್ಯೆ ಹೋಗಿ ಬಿಡಿಸುವವರೂ ಆಕೆಯೇ, ಅದೂ ಮಾತಿನಿಂದ. ಆಕೆಗೆ ಪದಕ ಕೊಟ್ಟವರಿಲ್ಲ, ಬೆಲ್ಟು ಕಟ್ಟಿದವರಿಲ್ಲ. ಹೆಂಗಸರು ಕರಾಟೆ ಮಾಡುವುದು ನಿನ್ನೆ ಮೊನ್ನೆಯ ಸಂಗತಿ ಎನ್ನುವವರಿಗೆ ನಾನು ಈ ಅಂಗಳವನ್ನು ತೋರಿಸಲು ಬಯಸುತ್ತೇನೆ. ಬೀಸುವ ಕಲ್ಲಿನ ಮುಂದೆ, ಹೊಲಿಗೆ ಯಂತ್ರದ ಮುಂದೆ, ಉತ್ತರ ಪತ್ರಿಕೆಗಳ ಕಟ್ಟಿನ ಮುಂದೆ ಕೂತು ಬೆನ್ನು ಹಿಡಿದುಕೊಂಡವರಿಗೆ ಆಕೆಯ ಲೆಕ್ಕ ತಕ್ಷಣ ತಿಳಿಯುತ್ತದೆ.

1921ರಲ್ಲಿ ಜಪಾನಿನ ಯುವರಾಜ ಹಿರೊಹಿಟೊ ಯೂರೋಪಿಗೆ ಹೋಗುವ ದಾರಿಯಲ್ಲಿ ಓಕಿನಾವಾದಲ್ಲಿ ಇಳಿದಾಗ ಶೂರಿಯ ಕೋಟೆಯಲ್ಲಿ ಕರಾಟೆ ಪ್ರದರ್ಶನ ಏರ್ಪಾಟಾಯಿತು. ಮುಂದೆ ನಿಂತವರು ಫುನಾಕೋಶಿ. ಮರುವರ್ಷ, 1922ರ ಮೇ ತಿಂಗಳಲ್ಲಿ, ಶಿಕ್ಷಣ ಇಲಾಖೆಯ ಕ್ರೀಡಾ ಪ್ರದರ್ಶನಕ್ಕೆಂದು ಟೋಕಿಯೋಗೆ ಹೋದರು. ಆಗ ಅವರಿಗೆ ಐವತ್ತಮೂರು. ಮೂವತ್ತು ವರ್ಷಕ್ಕೂ ಮೀರಿ ಪಾಠ ಹೇಳಿ ಕೆಲಸ ಬಿಟ್ಟಾಗಿತ್ತು. ಕೆಲವೇ ದಿನಗಳಲ್ಲಿ ಮರಳುವ ಯೋಚನೆ. ಜೂಡೋ ವಿದ್ಯೆಯನ್ನು ಕಟ್ಟಿದ ಕಾನೊ ಜಿಗೊರೊ, ಅವರೂ ದೊಡ್ಡ ಶಿಕ್ಷಣತಜ್ಞರು, ತಮ್ಮ ಶಾಲೆಗೆ ಕರೆಸಿ ನೋಡಿದರು, ಮೆಚ್ಚಿದರು, ಇನ್ನಷ್ಟು ದಿನ ಇರಿ ಎಂದರು. ಫುನಾಕೋಶಿ ಉಳಿದುಬಿಟ್ಟರು.

ಉಳಿದ ಬಗೆ ಹೇಗೆ? ಓಕಿನಾವಾದ ವಿದ್ಯಾರ್ಥಿಗಳ ಒಂದು ಹಾಸ್ಟೆಲಿನಲ್ಲಿ ಬಾಗಿಲ ಪಕ್ಕದ ಚಿಕ್ಕ ಕೋಣೆ. ಬಾಡಿಗೆಗೆ ಬದಲು ಅಂಗಳ ಗುಡಿಸುವುದು, ಕಾವಲು, ಗಿಡಗಳಿಗೆ ನೀರು. ಊಟದ ದುಡ್ಡು ಸಾಲದೆ ಅಡಿಗೆಯವನಿಗೇ ಕರಾಟೆ ಕಲಿಸಿ ಊಟದ ಲೆಕ್ಕದಲ್ಲಿ ಸೋಡಿ ಪಡೆದದ್ದನ್ನು ನಗುತ್ತ ಬರೆದಿದ್ದಾರೆ. ಒಂದು ದಿನ ಅವರು ಪೊರಕೆ ಹಿಡಿದು ಗುಡಿಸುತ್ತಿದ್ದಾಗ ಪತ್ರಿಕೆಯ ವರದಿಗಾರನೊಬ್ಬ ಬಂದು ಕರಾಟೆ ಗುರುಗಳು ಎಲ್ಲಿದ್ದಾರೆ ಎಂದು ಕೇಳಿದನಂತೆ. ಸ್ವಲ್ಪ ತಾಳಿ ಎಂದು ಒಳಗೆ ಹೋಗಿ, ಬಟ್ಟೆ ಬದಲಾಯಿಸಿ, ಹೊರಬಂದು ನಾನೇ ಫುನಾಕೋಶಿ ಎಂದರಂತೆ. ವರದಿಗಾರನ ಮುಖ ಏನಾಗಿರಬೇಕು!

ಹಾಸ್ಟೆಲಿನಿಂದ ಕಾಲೇಜುಗಳಿಗೆ, ಅಲ್ಲಿಂದ ಊರೂರಿಗೆ ವಿದ್ಯೆ ಹರಡಿತು. 1924ರಲ್ಲಿ ಕೇಯೋ ವಿಶ್ವವಿದ್ಯಾಲಯದಲ್ಲಿ ಮೊದಲ ಕರಾಟೆ ಸಂಘ. ಕಪ್ಪು ಬೆಲ್ಟು ಕೊಡುವ ಪದ್ಧತಿಯೂ ಅದೇ ವರ್ಷ ಶುರು. ಬಿಳಿಯ ಸಮವಸ್ತ್ರವೂ ಬೆಲ್ಟೂ ಕಾನೊ ಅವರ ಜೂಡೋದಿಂದ ಎರವಲು. ಹಳೆಯ ಓಕಿನಾವಾದಲ್ಲಿ ಇವೆರಡೂ ಇರಲಿಲ್ಲ. "ಮೇಡಮ್, ಎಷ್ಟು ತಿಂಗಳಿಗೆ ಮುಂದಿನ ಬೆಲ್ಟು ಬರುತ್ತೆ?" ಎಂದು ಪೋಷಕರ ಸಭೆಯಲ್ಲಿ ಕೇಳುವ ತಾಯಂದಿರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ. ಫುನಾಕೋಶಿ ತಮ್ಮ ಪುಸ್ತಕಗಳಲ್ಲಿ ಒತ್ತಿ ಹೇಳಿದ್ದು ಬೇರೆ: ಇದಕ್ಕೆ ಸಲಕರಣೆ ಬೇಡ, ಜೊತೆಗಾರ ಬೇಡ, ದೊಡ್ಡ ಜಾಗ ಬೇಡ, ಗಂಡು, ಹೆಣ್ಣು, ಮಗು, ಮುದುಕ ತಂತಮ್ಮ ಶಕ್ತಿಗೆ ತಕ್ಕಂತೆ ಮಾಡಬಹುದು. ನೈಹಾಂಚಿ ಕಟಾವಂತೂ ಅಡ್ಡಡ್ಡವಾಗಿ ಹೆಜ್ಜೆ ಇಡುತ್ತ ಮಾಡುವುದು. ನಮ್ಮ ಮನೆಗಳ ಪಡಸಾಲೆ ಧಾರಾಳವಾಗಿ ಸಾಕು.

ಹೆಸರೂ ಬದಲಾಯಿತು. ಜಪಾನಿಯಲ್ಲಿ ‘ಕರಾ’ ಎಂಬ ಉಚ್ಚಾರಕ್ಕೆ ಎರಡು ಲಿಪಿಚಿಹ್ನೆಗಳಿವೆ. ಒಂದಕ್ಕೆ ಚೀನಾ ಎಂದರ್ಥ, ಇನ್ನೊಂದಕ್ಕೆ ಬರಿದು ಎಂದರ್ಥ. ಚೀನೀ ಕೈ ಎಂದು ಬರೆಯುತ್ತಿದ್ದುದನ್ನು ಬರಿಗೈ ಎಂದು ಬರೆಯತೊಡಗಿದರು. 1936ರ ಅಕ್ಟೋಬರ್ 25ರಂದು ನಾಹಾದಲ್ಲಿ ಗುರುಗಳೆಲ್ಲ ಸಭೆ ಸೇರಿ ಹೊಸ ಹೆಸರನ್ನು ಒಪ್ಪಿದರು. ಬರಿದು ಎಂದರೆ ಆಯುಧವಿಲ್ಲದ್ದು ಮಾತ್ರವಲ್ಲ, ಸ್ವಾರ್ಥವೂ ಕೇಡಿನ ಯೋಚನೆಯೂ ಇಲ್ಲದ ಮನಸ್ಸು ಎಂದು ಫುನಾಕೋಶಿ ವಿವರಿಸುತ್ತಾರೆ. ‘ಶೂನ್ಯ’ ಎಂಬ ಮಾತನ್ನು ಅಲ್ಲಮನಿಂದ ಕೇಳಿ ಬಲ್ಲ ಕನ್ನಡಿಗರಿಗೆ ಇದು ಹೊಸದೆನಿಸದು. ಆದರೆ ಸಭೆ ನಡೆದ ವರ್ಷವನ್ನೂ ನೋಡಬೇಕು. ಮುಂದಿನ ವರ್ಷವೇ ಜಪಾನು ಚೀನಾದ ಮೇಲೆ ಪೂರ್ಣ ಯುದ್ಧಕ್ಕೆ ಇಳಿಯಿತು. ಚೀನಾದ ಹೆಸರನ್ನು ಹೊತ್ತ ಯಾವುದಕ್ಕೂ ಆಗ ಮರ್ಯಾದೆ ಇರಲಿಲ್ಲ.

ಇತೋಸು ಅವರ ಪತ್ರದ ಆ ಎರಡನೆಯ ಮಾತು ಇಲ್ಲಿ ಬರುತ್ತದೆ. ಶಾಲೆಯ ಅಂಗಳಕ್ಕೆ ಬಂದ ಕರಾಟೆಗೆ ಸೈನಿಕ ಕವಾಯತಿನ ರೂಪ ಬಂತು. ಸಾಲಾಗಿ ನಿಲ್ಲುವುದು, ಅಪ್ಪಣೆಗೆ ಸರಿಯಾಗಿ ಎಲ್ಲರೂ ಒಟ್ಟಿಗೆ ಹೆಜ್ಜೆ ಇಡುವುದು, ಗಟ್ಟಿಯಾಗಿ ಎಣಿಸುವುದು ಇವು ಹಿತ್ತಿಲ ಕಾಲದಲ್ಲಿ ಇರಲಿಲ್ಲ. ಇಂದು ನಮ್ಮ ಶಾಲೆಯ ಹೆಣ್ಣುಮಕ್ಕಳು "ಇಚಿ, ನಿ, ಸಾನ್, ಶಿ" ಎಂದು ಕೂಗುತ್ತ ಮುಷ್ಟಿ ಚಾಚುವಾಗ ಆ ಕಾಲದ ಜಪಾನೀ ಕವಾಯತಿನ ನೆರಳು ಅವರ ಮುಂದೆ ಬಿದ್ದಿರುತ್ತದೆ, ಅವರಿಗೆ ತಿಳಿಯದೆ.

1945ರ ಏಪ್ರಿಲ್‌ನಿಂದ ಜೂನ್‌ವರೆಗೆ ಓಕಿನಾವಾದಲ್ಲಿ ನಡೆದ ಯುದ್ಧದಲ್ಲಿ ಅಲ್ಲಿನ ಜನರಲ್ಲಿ ನಾಲ್ವರಲ್ಲಿ ಒಬ್ಬರು ಸತ್ತರೆಂಬ ಅಂದಾಜಿದೆ. ಮಾಧ್ಯಮಿಕ ಶಾಲೆಗಳ ಹುಡುಗರನ್ನು, ಹದಿನಾಲ್ಕು ಹದಿನೈದು ವಯಸ್ಸಿನವರನ್ನೂ ಬಿಡದೆ, ‘ಉಕ್ಕು ಮತ್ತು ರಕ್ತ’ದ ಪಡೆ ಎಂದು ಹೆಸರಿಟ್ಟು ಯುದ್ಧಕ್ಕೆ ಎಳೆದರು. ಇತೋಸು ಪಾಠ ಹೇಳಿದ ಶೂರಿಯ ಮೊದಲ ಮಾಧ್ಯಮಿಕ ಶಾಲೆಯ ಹುಡುಗರೂ ಅದರಲ್ಲಿದ್ದರು. ಹುಡುಗಿಯರ ಎರಡು ಶಾಲೆಗಳಿಂದ 222 ವಿದ್ಯಾರ್ಥಿನಿಯರನ್ನೂ 18 ಮಂದಿ ಶಿಕ್ಷಕರನ್ನೂ ಗುಹೆಗಳೊಳಗಿನ ಸೈನಿಕ ಆಸ್ಪತ್ರೆಗೆ ಕಳಿಸಿದರು. ಅವರಲ್ಲಿ 136 ಮಂದಿ ಹಿಂದಿರುಗಲಿಲ್ಲ. ಹಿಮೆಯೂರಿ ಹುಡುಗಿಯರು ಎಂದು ಅವರನ್ನು ನೆನೆಯುತ್ತಾರೆ. 1989ರಲ್ಲಿ ಅವರ ಹೆಸರಿನಲ್ಲಿ ಒಂದು ಸ್ಮಾರಕ ಸಂಗ್ರಹಾಲಯ ತೆರೆಯಿತು. ಇದಕ್ಕೆಲ್ಲ ಕರಾಟೆ ಕಾರಣ ಎಂದರೆ ಅನ್ಯಾಯದ ಮಾತಾಗುತ್ತದೆ. ಯುದ್ಧ ಮಾಡಿಸಿದವರು ಬೇರೆ. ಆದರೆ ಮಕ್ಕಳ ಮೈ ಗಟ್ಟಿಯಾಗಲಿ ಎಂದು ಕಲಿಸುವ ಪಾಠವನ್ನು ನಾವು ಯಾರ ಮುಂದೆ, ಯಾವ ಕಾರಣ ಹೇಳಿ ಒಪ್ಪಿಸುತ್ತೇವೆ ಎಂಬುದು ಸಣ್ಣ ವಿಷಯವಲ್ಲ. 222 ಹುಡುಗಿಯರ ಜೊತೆಗೆ ಹೋದ ಆ 18 ಶಿಕ್ಷಕರನ್ನು ನೆನೆದಾಗ ಹಾಜರಿ ಪುಸ್ತಕ ನನ್ನ ಕೈಯಲ್ಲಿ ಭಾರವಾಗುತ್ತದೆ.

ಫುನಾಕೋಶಿಯವರ ಹೆಂಡತಿ ಆ ವರ್ಷಗಳಲ್ಲಿ ಎಲ್ಲಿದ್ದರು? ಟೋಕಿಯೋಗೆ ಬಾ ಎಂದು ಗಂಡ ಎಷ್ಟು ಬರೆದರೂ ಆಕೆ ಬಂದಿರಲಿಲ್ಲ. ಹಿರಿಯರ ಪೂಜೆ ಬಿಟ್ಟು ಬರಲಾರೆ, ಅದು ನನ್ನ ಪಾಲಿನ ಕೆಲಸ ಎಂದುಬಿಟ್ಟಿದ್ದರು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಇಬ್ಬರದೂ ಬೇರೆ ಬೇರೆ ಬದುಕು. ಯುದ್ಧ ಆಕೆಯನ್ನು ದ್ವೀಪದಿಂದ ಕಿತ್ತು ಕ್ಯೂಶೂ ದ್ವೀಪದ ಓಯಿತಾದ ನಿರಾಶ್ರಿತರ ನಡುವೆ ತಂದು ಹಾಕಿತು. ಟೋಕಿಯೋದಲ್ಲಿ ಶಿಷ್ಯರು ಕಟ್ಟಿಸಿಕೊಟ್ಟಿದ್ದ ಕರಾಟೆ ಶಾಲೆ ಬಾಂಬಿಗೆ ಸುಟ್ಟುಹೋಗಿತ್ತು. ಅದೇ 1945ರಲ್ಲಿ ವಿದ್ಯೆಯಲ್ಲಿ ಬಲಗೈಯಂತಿದ್ದ ಮಗ ಯೋಶಿತಾಕಾ ಕಾಯಿಲೆಯಿಂದ ತೀರಿಕೊಂಡಿದ್ದ. ಫುನಾಕೋಶಿ ಓಯಿತಾಗೆ ಹೋಗಿ ಹೆಂಡತಿಯನ್ನು ಸೇರಿದರು. ಹೊಟ್ಟೆಗೆ ಸಾಲದ ದಿನಗಳಲ್ಲಿ, ಎರಡು ವರ್ಷ, ಮತ್ತೆ ಸಂಸಾರ. 1947ರಲ್ಲಿ ಆಕೆ ತೀರಿಕೊಂಡರು. ಚಿತಾಭಸ್ಮ ಹಿಡಿದು ಮುದುಕರು ಟೋಕಿಯೋಗೆ ರೈಲು ಹತ್ತಿದರು. ಎಂಬತ್ತರ ಹತ್ತಿರದಲ್ಲಿ ಮತ್ತೆ ಮೊದಲಿಂದ ಪಾಠ ಶುರುಮಾಡಿದರು.

ಯುದ್ಧದ ನಂತರ ಅಮೆರಿಕದ ಸೈನಿಕರು, ಆಮೇಲೆ ಸಿನಿಮಾಗಳು ಇದನ್ನು ಲೋಕಕ್ಕೆಲ್ಲ ಹಂಚಿದ ಕಥೆ ಎಲ್ಲರಿಗೂ ಗೊತ್ತಿದೆ. ಟೋಕಿಯೋ ಒಲಿಂಪಿಕ್ಸ್ 2021ರಲ್ಲಿ ನಡೆದಾಗ ಕರಾಟೆಯೂ ಅದರಲ್ಲಿತ್ತು. 2024ರ ಪ್ಯಾರಿಸ್ಸಿನಲ್ಲಿ ಇರಲಿಲ್ಲ. ಟೋಕಿಯೋದಲ್ಲಿ ಕಟಾ ವಿಭಾಗದ ಚಿನ್ನ ಗೆದ್ದ ಹೆಂಗಸು ಸ್ಪೇನಿನ ಸಾಂದ್ರಾ ಸಾಂಚೆಸ್, ವಯಸ್ಸು ಮೂವತ್ತೊಂಬತ್ತು. ಗಂಡಸರಲ್ಲಿ ಗೆದ್ದವನು ಓಕಿನಾವಾದ ಕಿಯುನಾ ರ‍್ಯೋ. ಪದಕ ಪಡೆಯಲು ಮೆಟ್ಟಿಲು ಹತ್ತಿದಾಗ ಅವನ ಕೈಯಲ್ಲಿ ಎರಡು ವರ್ಷದ ಹಿಂದೆ ತೀರಿಕೊಂಡ ತಾಯಿಯ ಭಾವಚಿತ್ರವಿತ್ತು. ಇತ್ತ ಶೂರಿಯ ಕೋಟೆ 1945ರಲ್ಲಿ ನೆಲಸಮವಾಗಿ, 1992ರಲ್ಲಿ ಮತ್ತೆ ಎದ್ದು, 2019ರ ಅಕ್ಟೋಬರ್ 31ರಂದು ಇನ್ನೊಮ್ಮೆ ಬೆಂಕಿಗೆ ಸಿಕ್ಕಿತು. ಕೋಟೆಗೆ ಬಂದ ಗತಿ ಕಟಾಗಳಿಗೆ ಬರಲಿಲ್ಲ. ಅವು ಇದ್ದದ್ದು ಜನರ ಮೈಯಲ್ಲಿ.

ನಮ್ಮಲ್ಲಿ ಸಮಗ್ರ ಶಿಕ್ಷಣ ಯೋಜನೆಯಡಿ ರಾಣಿ ಲಕ್ಷ್ಮೀಬಾಯಿಯ ಹೆಸರಿನಲ್ಲಿ ಆರನೆಯ ತರಗತಿಯಿಂದ ಮೇಲಿನ ಹೆಣ್ಣುಮಕ್ಕಳಿಗೆ ಆತ್ಮರಕ್ಷಣೆಯ ತರಬೇತಿ ಇದೆ. ಅನೇಕ ಕಡೆ ಅದು ಕರಾಟೆಯೇ. ಅವಧಿ ಮೂರು ತಿಂಗಳು. ಬಾರದಿರುವುದಕ್ಕಿಂತ ಬರಲಿ, ಬೇಡವೆನ್ನುವುದಿಲ್ಲ. ತಲೆ ತಗ್ಗಿಸಿ ನಡೆಯುತ್ತಿದ್ದ ಹುಡುಗಿ ಮೂರೇ ತಿಂಗಳಲ್ಲಿ ಎದುರಿಗಿದ್ದವರ ಕಣ್ಣು ನೋಡಿ ಮಾತಾಡುವುದನ್ನು ನಾನೇ ಕಂಡಿದ್ದೇನೆ. ಆದರೆ ಮೂರು ತಿಂಗಳಿಗೆ ಪ್ರಮಾಣಪತ್ರ ಕೊಟ್ಟು, ಫೋಟೋ ತೆಗೆದು, ಇನ್ನು ನೀನು ಸುರಕ್ಷಿತೆ ಎಂದು ಮನೆಗೆ ಕಳಿಸುವುದು ಸರಿಯೇ? ಮೂರು ಸಣ್ಣ ಕಟಾಗಳಿಗೆ ಹತ್ತು ವರ್ಷ ಕೊಟ್ಟವರು ಏನೆನ್ನುತ್ತಿದ್ದರು? ಮೂರು ತಿಂಗಳ ಪಾಠ ಏಟು ಕಲಿಸಬಹುದು. ಏಟು ಬೇಕಾಗದ ಹಾಗೆ ನಡೆದುಕೊಳ್ಳುವ ನಿಧಾನ, ಭಯವನ್ನು ಅಳೆಯುವ ಲೆಕ್ಕ, ನಲವತ್ತರ ಮೇಲೆ ಮಂಡಿ ಸೊಂಟಗಳನ್ನು ಕಾಯುವ ಅಭ್ಯಾಸ ಇವು ವರ್ಷಗಳನ್ನು ಕೇಳುತ್ತವೆ. ಹುಡುಗಿಯರ ಜೊತೆ ಅವರ ತಾಯಂದಿರನ್ನೂ ಸಂಜೆ ಒಂದು ಗಂಟೆ ಅಂಗಳಕ್ಕೆ ಕರೆಯಬಾರದೇಕೆ ಎಂದು ನಾನು ಸಭೆಗಳಲ್ಲಿ ಕೇಳುತ್ತಲೇ ಇದ್ದೇನೆ. ಸೀರೆ ಉಟ್ಟು ಹೇಗೆ ಮಾಡುತ್ತಾರೆ ಎಂಬುದು ಇದುವರೆಗೆ ಬಂದ ಒಂದೇ ಉತ್ತರ. ಚೂಡಿದಾರ ತೊಟ್ಟು ಮಾಡುತ್ತಾರೆ, ಮತ್ತೇನು.

ಫುನಾಕೋಶಿ 1957ರ ಏಪ್ರಿಲ್ 26ರಂದು, ಎಂಬತ್ತೆಂಟು ತುಂಬಿದ ಮೇಲೆ ತೀರಿಕೊಂಡರು. ಕೊನೆಗಾಲದವರೆಗೂ ದಿನದ ಅಭ್ಯಾಸ ಬಿಟ್ಟಿರಲಿಲ್ಲ. ಅವರ ಇಳಿವಯಸ್ಸಿನ ಒಂದು ಘಟನೆ ಆತ್ಮಕಥೆಯಲ್ಲಿ ಬರುತ್ತದೆ. ಯುದ್ಧ ಮುಗಿದ ಹೊಸತು, ಟೋಕಿಯೋದಲ್ಲಿ ಹಸಿವು, ಕಳ್ಳತನ. ಕವಿತೆ ಬರೆಯುವ ಗೆಳೆಯರ ಕೂಟ ಮುಗಿಸಿ ರಾತ್ರಿ ಕೊಡೆ ಹಿಡಿದು ಒಬ್ಬರೇ ಬರುತ್ತಿದ್ದಾಗ ಒಬ್ಬ ಅಡ್ಡಗಟ್ಟಿ ದೋಚಲು ನೋಡಿದ. ಎಂಬತ್ತರ ಮುದುಕ, ಏನು ಮಾಡಿಯಾನು ಎಂದುಕೊಂಡಿರಬೇಕು. ಅವನು ಕೈ ಬೀಸಿದಾಗ ಇವರು ತಗ್ಗಿದರು, ಗಂಡಸರು ಉಸಿರೆತ್ತಲಾರದ ಜಾಗದಲ್ಲಿ ಅವನನ್ನು ಹಿಡಿದುಕೊಂಡರು. ಅಷ್ಟರಲ್ಲಿ ಗಸ್ತಿನ ಪೋಲೀಸಿನವನು ಬಂದ, ಒಪ್ಪಿಸಿದರು. ನಮ್ಮ ಸಿನಿಮಾದವರ ಕೈಗೆ ಸಿಕ್ಕಿದ್ದರೆ ಇಲ್ಲಿ ಶಿಳ್ಳೆ ಬೀಳುತ್ತಿತ್ತು. ಮುದುಕರು ಬರೆಯುವುದು ಬೇರೆ ರೀತಿ. ಆ ಮನುಷ್ಯ ಯುದ್ಧದಿಂದ ಆಗತಾನೆ ಮರಳಿದ ಸಿಪಾಯಿಯಿರಬೇಕು, ಹೊಟ್ಟೆಗಿಲ್ಲದೆ ಆ ಗಳಿಗೆಯಲ್ಲಿ ಬುದ್ಧಿ ಕೆಟ್ಟಿರಬೇಕು ಎನ್ನುತ್ತಾರೆ. ಶಿಷ್ಯರಿಗೆ ಯಾವುದನ್ನು ಮಾಡಬೇಡಿರೆಂದು ಇಷ್ಟು ವರ್ಷ ಹೇಳುತ್ತ ಬಂದೆನೋ ಅದನ್ನು ನಾನೇ ಮಾಡಿದೆನಲ್ಲ ಎಂದು ತಮ್ಮ ಬಗ್ಗೆ ಅವರಿಗೆ ಹೆಮ್ಮೆಯೇನೂ ಅನಿಸಲಿಲ್ಲವಂತೆ.